ಬೆಂಗಳೂರಿನ ಸಂಬಳ, ಧಾರವಾಡದ ಬಾಡಿಗೆ: ಈ ಲೆಕ್ಕ ಎಲ್ಲಿಯವರೆಗೆ ನಿಲ್ಲುತ್ತದೆ?

ಪ್ರಶ್ನೆ (ನಾಲ್ಕು ಪುಟದ ಪತ್ರದ ಸಾರಾಂಶ): ನನಗೆ 41 ವರ್ಷ. ಬೆಂಗಳೂರಿನ ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ಕೆಲಸ, ಕೈಗೆ ಬರುವ ಸಂಬಳ ತಿಂಗಳಿಗೆ 1,45,000 ರೂಪಾಯಿ. ಸದ್ಯಕ್ಕೆ ತಿಂಗಳಲ್ಲಿ ಎರಡು ದಿನ ಕಚೇರಿಗೆ ಹೋದರೆ ಸಾಕು. ಪತ್ನಿ ಖಾಸಗಿ ಶಾಲೆಯಲ್ಲಿ ಗಣಿತ ಶಿಕ್ಷಕಿ, ಸಂಬಳ 38,000. ಮಗಳು ಸಿಬಿಎಸ್‌ಇ ಎಂಟನೆಯ ತರಗತಿಯಲ್ಲಿದ್ದಾಳೆ. 71 ವರ್ಷದ ತಾಯಿಗೆ ನಾಲ್ಕು ವರ್ಷಗಳ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿದ್ದೇವೆ. ನಮ್ಮ ಊರು ಲಕ್ಷ್ಮೇಶ್ವರದ ಹತ್ತಿರ. ಬಾಡಿಗೆ, ಟ್ರಾಫಿಕ್ಕು, ನಾಲ್ಕನೆಯ ಮಹಡಿಯಲ್ಲಿ ಅವ್ವನ ಒಂಟಿತನ ಇವೆಲ್ಲ ಸಾಕಾಗಿ ಧಾರವಾಡಕ್ಕೆ ಹೋಗಿಬಿಡೋಣ ಎಂದುಕೊಂಡಿದ್ದೇವೆ. ನನ್ನ ಲೆಕ್ಕದ ಪ್ರಕಾರ ತಿಂಗಳಿಗೆ 40,000 ಉಳಿಯುತ್ತದೆ. ಕೈಯಲ್ಲಿರುವ 9 ಲಕ್ಷದಲ್ಲಿ ಅಲ್ಲೊಂದು ಪ್ಲಾಟು ಹಿಡಿಯುವ ಆಲೋಚನೆಯೂ ಇದೆ. ಪತ್ನಿಯ ಅಭ್ಯಂತರವೇನೂ ಇಲ್ಲ, ಅಲ್ಲಿನ ಶಾಲೆಯೊಂದರಲ್ಲಿ 20,000 ಕೊಡುತ್ತೇವೆಂದಿದ್ದಾರೆ. ಧಾರವಾಡಕ್ಕಿಂತ ಮೈಸೂರು ವಾಸಿ ಎನ್ನುವ ಗೆಳೆಯರೂ ಇದ್ದಾರೆ. ಹೋಗಬಹುದೇ?

ಉತ್ತರ: ಹೋಗಬಹುದು. ಆದರೆ ನೀವು ಬರೆದಿರುವ ಕಾರಣಕ್ಕಾಗಿ ಅಲ್ಲ, ನೀವು ಯೋಚಿಸಿರುವ ಕ್ರಮದಲ್ಲಿಯೂ ಅಲ್ಲ. ಧಾರವಾಡ ಅಗ್ಗದ ಊರು ಎಂಬ ಮಾತು ನಿಮ್ಮ ಪತ್ರದಲ್ಲಿ ನಾಲ್ಕು ಕಡೆ ಬಂದಿದೆ. ಅಲ್ಲಿಯೇ ಕೆಲಸ ಮಾಡಿ ಅಲ್ಲಿಯ ಸಂಬಳದಲ್ಲಿ ಸಂಸಾರ ನಡೆಸುವ ಗುಮಾಸ್ತನನ್ನೋ ಅಂಗಡಿಯ ಲೆಕ್ಕ ಬರೆಯುವವನನ್ನೋ ಕೇಳಿ ನೋಡಿ, ಊರು ಅಗ್ಗ ಎಂದು ಅವನು ಹೇಳುವುದಿಲ್ಲ. ಅದು ಅಗ್ಗವಾಗಿ ಕಾಣುವುದು ಬೆಂಗಳೂರಿನ ಸಂಬಳಕ್ಕೆ. ಆದ್ದರಿಂದ ನೀವು ಮೊದಲು ತೂಗಿ ನೋಡಬೇಕಾದದ್ದು ಊರನ್ನಲ್ಲ, ಆ ಸಂಬಳ ನಿಮ್ಮ ಬೆನ್ನ ಹಿಂದೆ ಎಷ್ಟು ದಿನ ಬರುತ್ತದೆ ಎಂಬುದನ್ನು.

ನಿಮ್ಮ 40,000ದ ಲೆಕ್ಕವನ್ನೇ ಬಿಡಿಸೋಣ. ಈಗ ಬಾಡಿಗೆ 32,000, ನಿರ್ವಹಣಾ ಶುಲ್ಕ 4,000. ಧಾರವಾಡದಲ್ಲಿ ನೀವು ನೋಡಿಬಂದ ಮನೆಯ ಬಾಡಿಗೆ 15,000, ಅಲ್ಲಿಗೆ 21,000 ಉಳಿಯಿತು. ಮಗಳ ಶುಲ್ಕದಲ್ಲಿ ತಿಂಗಳಿಗೆ 7,500, ಪೆಟ್ರೋಲು ಮತ್ತು ಕ್ಯಾಬಿನಲ್ಲಿ 5,500, ಮನೆಗೆಲಸದವರು ಹಾಗೂ ಹೊರಗಿನ ಊಟತಿಂಡಿ ಸೇರಿ 6,000. ಕೂಡಿಸಿದರೆ ಸರಿಯಾಗಿ 40,000, ಕೂಡುವುದರಲ್ಲಿ ತಪ್ಪಿಲ್ಲ. ಕಳೆಯುವುದನ್ನು ಮಾತ್ರ ನೀವು ಮರೆತಿದ್ದೀರಿ. ನಿಮ್ಮ ಪತ್ನಿಯವರ ಸಂಬಳ 38,000ದಿಂದ 20,000ಕ್ಕೆ ಇಳಿಯುತ್ತದೆ, ಅಂದರೆ 18,000 ಹೋಯಿತು. ತಿಂಗಳಿಗೆ ಎರಡು ಸಲ ಬೆಂಗಳೂರಿಗೆ ಹೋಗಿಬರುವ ಖರ್ಚು, ಒಮ್ಮೊಮ್ಮೆ ತಂಗುವ ಖರ್ಚು, ಅಲ್ಲಿನ ಆಟೋ ಮತ್ತು ಊಟ ಸೇರಿ 7,000 ಎಂದು ಹಿಡಿಯಿರಿ. ಉಳಿದದ್ದು 15,000.

ಇನ್ನೊಂದು ಸಣ್ಣ ಬಾಬತ್ತು ಆದಾಯ ತೆರಿಗೆಯದು. ನೀವು ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಇದನ್ನು ಬಿಟ್ಟು ಮುಂದೆ ಓದಬಹುದು, ಅಲ್ಲಿ ಮನೆ ಬಾಡಿಗೆ ಭತ್ಯೆಗೆ ವಿನಾಯಿತಿಯೇ ಇಲ್ಲ. ಹಳೆಯ ಪದ್ಧತಿಯಲ್ಲಿದ್ದರೆ ಮಾತ್ರ, ನೀವು ಕೊಡುವ ಬಾಡಿಗೆಯಲ್ಲಿ ಮೂಲವೇತನದ ಶೇ. 10ನ್ನು ಕಳೆದು ಉಳಿದದ್ದು ವಿನಾಯಿತಿಯ ಒಂದು ಮಿತಿಯಾಗಿರುವುದರಿಂದ, ಬಾಡಿಗೆ ಇಳಿದ ಹಾಗೆ ವಿನಾಯಿತಿಯೂ ಇಳಿಯುತ್ತದೆ. ಮೂಲವೇತನ 70,000 ಎಂದುಕೊಂಡರೆ ಈಗ ತಿಂಗಳಿಗೆ 25,000ದವರೆಗೆ ಸಿಗುತ್ತಿರುವ ವಿನಾಯಿತಿ ಅಲ್ಲಿ 8,000ಕ್ಕೆ ನಿಲ್ಲುತ್ತದೆ. ನಡುವಿನ 17,000ಕ್ಕೆ ಶೇ. 30ರ ದರದಲ್ಲಿ ಸೆಸ್ ಸೇರಿ ಸುಮಾರು 5,300 ತೆರಿಗೆ ಬೀಳುತ್ತದೆ, 15,000 ಎಂಬುದು 10,000ದ ಹತ್ತಿರಕ್ಕೆ ಬರುತ್ತದೆ. ಸಾಮಾನು ಸಾಗಿಸುವ ಲಾರಿ, ಬೆಂಗಳೂರಿನ ಮನೆಯವರು ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುವ ಬಣ್ಣದ ಹಣ, ಹೊಸ ಶಾಲೆಯ ಪ್ರವೇಶ ಶುಲ್ಕ, ಪರದೆಯಿಂದ ಹಿಡಿದು ಗೀಸರಿನವರೆಗಿನ ಚಿಲ್ಲರೆ ಖರ್ಚುಗಳಿಗೆ 1,20,000 ಇಟ್ಟುಕೊಂಡರೆ, ತೆರಿಗೆಯ ಮಾತನ್ನು ಬಿಟ್ಟರೂ ಮೊದಲ ಎಂಟು ತಿಂಗಳ ಉಳಿತಾಯ ಅದನ್ನು ತುಂಬುವುದರಲ್ಲಿಯೇ ಮುಗಿಯುತ್ತದೆ. ಅಕ್ಕಿ, ಎಣ್ಣೆ, ಮೊಬೈಲು, ವಿಮೆ, ತಾಯಿಯವರ ಮಾತ್ರೆಗಳು ಯಾವ ಊರಿನಲ್ಲಿದ್ದರೂ ಅಷ್ಟೇ.

ಇದನ್ನು ಇಷ್ಟು ಬಿಡಿಸಿ ಬರೆದದ್ದಕ್ಕೆ ಒಂದು ಕಾರಣವಿದೆ. ಬದಲಾವಣೆಯ ಅತಿ ದೊಡ್ಡ ಬೆಲೆಯನ್ನು ನಿಮ್ಮ ಮನೆಯಲ್ಲಿ ಯಾರು ತೆರುತ್ತಿದ್ದಾರೆ ಎಂಬುದು ಮೇಲಿನ ಅಂಕಿಗಳಲ್ಲಿಯೇ ಇದೆ. ನಿಮ್ಮ ಸಂಬಳ ಒಂದು ರೂಪಾಯಿಯೂ ಇಳಿಯುವುದಿಲ್ಲ, ಪತ್ನಿಯವರದು ಅರ್ಧದಷ್ಟಾಗುತ್ತದೆ. ನೀವು ನಿಮ್ಮ ಊರ ಕಡೆಗೆ, ನಿಮ್ಮ ತಾಯಿಗೆ, ನಿಮ್ಮ ಮಾತಿಗೆ ಹತ್ತಿರವಾಗುತ್ತೀರಿ. ಅವರು ವರ್ಷಗಳ ಕಾಲ ಕಟ್ಟಿಕೊಂಡ ಹಿರಿತನವನ್ನು ಬಿಟ್ಟು ಹೊಸ ಸ್ಟಾಫ್ ರೂಮಿನಲ್ಲಿ ಎಲ್ಲರಿಗಿಂತ ಕಿರಿಯರಾಗಿ ಕೂರುತ್ತಾರೆ. ನಾಲ್ಕು ಪುಟದ ಪತ್ರದಲ್ಲಿ ಅವರ ಮನಸ್ಸಿನ ಬಗ್ಗೆ ಇರುವುದು ‘ಅಭ್ಯಂತರವೇನೂ ಇಲ್ಲ’ ಎಂಬ ಒಂದೇ ಮಾತು. ಇಪ್ಪತ್ತು ವರ್ಷಗಳಿಂದ ಕುಟುಂಬಗಳ ಹಣಕಾಸಿನ ಸಲಹೆ ನೀಡುತ್ತಿರುವ ನನಗೆ ಈ ಮಾತಿನ ಮೇಲೆ ಅಷ್ಟು ವಿಶ್ವಾಸವಿಲ್ಲ. ಅಭ್ಯಂತರವಿಲ್ಲದಿರುವುದು ಬೇರೆ, ಒಪ್ಪಿಗೆ ಬೇರೆ. ಆ 20,000ದ ಕೆಲಸವೂ ಕೈಗೆ ಬರದೇ ಹೋದರೆ ನಿಮ್ಮ ತಿಂಗಳ ಲೆಕ್ಕ ಉಳಿತಾಯದಿಂದ 5,000 ಕೊರತೆಗೆ ತಿರುಗುತ್ತದೆ. ಬಾಯಿಮಾತಿನ ಭರವಸೆಯನ್ನು ಆದೇಶಪತ್ರವೆಂದು ಎಣಿಸಬೇಡಿ, ಖಾಸಗಿ ಶಾಲೆಗಳಲ್ಲಿ ಮೇ ತಿಂಗಳ ಮಾತು ಜೂನ್ ಹೊತ್ತಿಗೆ ಬದಲಾಗುವುದು ಹೊಸದೇನಲ್ಲ.

ಎರಡನೆಯದು ನಿಮ್ಮ ಕೆಲಸ. ‘ಸದ್ಯಕ್ಕೆ’ ತಿಂಗಳಿಗೆ ಎರಡು ದಿನ ಎಂದು ಬರೆದಿದ್ದೀರಿ, ಇಡೀ ಯೋಜನೆ ನಿಂತಿರುವುದು ಆ ಪದದ ಮೇಲೆ. ಕೋವಿಡ್ ಕಾಲದಲ್ಲಿ ಊರಿಗೆ ಹೋಗಿ ನೆಲೆಸಿದವರನ್ನು ವಾರಕ್ಕೆ ಮೂರು ದಿನ ಕಚೇರಿಗೆ ಬನ್ನಿ ಎಂದು ಕರೆಸಿಕೊಂಡದ್ದನ್ನು ನೀವೇ ನಿಮ್ಮ ಸಹೋದ್ಯೋಗಿಗಳಲ್ಲಿ ನೋಡಿರುತ್ತೀರಿ. ಮ್ಯಾನೇಜರರ ಸಮ್ಮತಿ ಆ ಮ್ಯಾನೇಜರ್ ಇರುವವರೆಗೆ ಮಾತ್ರ. ಕೆಲಸದ ಸ್ಥಳ ಧಾರವಾಡ ಎಂದು ಮಾನವ ಸಂಪನ್ಮೂಲ ವಿಭಾಗದಿಂದ ಬರಹದಲ್ಲಿ ಪಡೆಯಿರಿ. ಸ್ಥಳ ಬದಲಾದರೆ ಸಂಬಳದ ಶ್ರೇಣಿ ಬದಲಾಗುತ್ತದೆಯೇ, ಗುಂಪು ಆರೋಗ್ಯ ವಿಮೆಯ ನಗದುರಹಿತ ಆಸ್ಪತ್ರೆಗಳ ಪಟ್ಟಿಯಲ್ಲಿ ಹುಬ್ಬಳ್ಳಿ-ಧಾರವಾಡದ ಯಾವ ಆಸ್ಪತ್ರೆಗಳಿವೆ ಎಂಬುದನ್ನೂ ಅದೇ ಮಿಂಚಂಚೆಯಲ್ಲಿ ಕೇಳಿ. ಅವರು ಬರೆದುಕೊಡಲು ಹಿಂಜರಿದರೆ, ಆ ಹಿಂಜರಿಕೆಯನ್ನೇ ನಿಮಗೆ ಸಿಕ್ಕ ಉತ್ತರವೆಂದು ತಿಳಿಯಬೇಕು.

ಕೆಲಸವೇ ಹೋದರೆ? ಬೆಂಗಳೂರಿನಲ್ಲಿ ಕೆಲಸ ಕಳೆದುಕೊಂಡವರು ಮನೆ ಬದಲಿಸದೆಯೇ ಇನ್ನೊಂದನ್ನು ಹುಡುಕುತ್ತಾರೆ. ಹುಬ್ಬಳ್ಳಿ-ಧಾರವಾಡದಲ್ಲಿ ರಾಜ್ಯ ಸರ್ಕಾರದ ‘ಬಿಯಾಂಡ್ ಬೆಂಗಳೂರು’ ಪ್ರಯತ್ನದಿಂದ ಒಂದಿಷ್ಟು ಸಂಸ್ಥೆಗಳು ಬಂದಿವೆ, ನವೋದ್ಯಮಗಳೂ ಇವೆ, ಆದರೆ ಹೊಸದಾಗಿ ಇಂಜಿನಿಯರಿಂಗ್ ಮುಗಿಸಿದ ಹುಡುಗರಿಗೆ ಸಿಗುವಷ್ಟು ಸುಲಭವಾಗಿ ಹದಿನೈದು ವರ್ಷ ಅನುಭವವಿರುವವರಿಗೆ ಅದೇ ಸಂಬಳದ ಎರಡನೆಯ ಕೆಲಸ ಅಲ್ಲಿ ಸಿಗುವುದಿಲ್ಲ. ಅಂಥ ದಿನ ಬಂದರೆ ನಿಮಗಿರುವುದು ಮನೆಯಿಂದಲೇ ಮಾಡುವ ಇನ್ನೊಂದು ಕೆಲಸ, ಅಥವಾ ನೀವೊಬ್ಬರೇ ಬೆಂಗಳೂರಿನ ಪಿಜಿಯಲ್ಲಿದ್ದು ವಾರಾಂತ್ಯಕ್ಕೆ ರೈಲು ಹತ್ತುವುದು. ಆದ್ದರಿಂದ ಅಲ್ಲಿನ ಸಂಸಾರದ ಹನ್ನೆರಡು ತಿಂಗಳ ಖರ್ಚು ಯಾವಾಗ ಬೇಕಾದರೂ ತೆಗೆಯುವಂತೆ ಬ್ಯಾಂಕಿನಲ್ಲಿರಬೇಕು. ತಿಂಗಳಿಗೆ 70,000 ಎಂದರೆ 8,40,000. ನಿಮ್ಮಲ್ಲಿರುವುದು 9 ಲಕ್ಷ. ಅಂದರೆ ಪ್ಲಾಟಿಗೆಂದು ನೀವು ಎತ್ತಿಟ್ಟಿರುವ ಹಣ ಪ್ಲಾಟಿನದಲ್ಲ.

ಪ್ಲಾಟಿನ ಮಾತು ಬಂದದ್ದರಿಂದ ಇಲ್ಲಿಯೇ ಹೇಳಿಬಿಡುತ್ತೇನೆ. ಮೊದಲ ಒಂದು ವರ್ಷ, ಸಾಧ್ಯವಾದರೆ ಎರಡು ವರ್ಷ, ಏನನ್ನೂ ಕೊಳ್ಳಬೇಡಿ. ಬೆಂಗಳೂರಿನಲ್ಲಿ ಖಾತೆ, ಪಹಣಿ ಎಂದು ಕಲಿತವರಿಗೆ ಅಲ್ಲಿನ ಕಾಗದಗಳ ಹೆಸರೇ ಬೇರೆ, ಪಹಣಿ ಅಲ್ಲಿ ‘ಉತಾರ’, ಹಳೆಯ ಬಡಾವಣೆಗಳಲ್ಲಿ ಸಿಟಿ ಸರ್ವೆಯ ಆಸ್ತಿ ಕಾರ್ಡು. ಮುಂಬಯಿ ಪ್ರಾಂತದ ಕಾಲದಿಂದ ಉಳಿದು ಬಂದ ಪದ್ಧತಿ ಅದು. ಕಡಿಮೆ ಬೆಲೆಗೆ ಸಿಗುತ್ತದೆ ಎಂದು ದಲ್ಲಾಳಿ ತೋರಿಸುವುದು ಅನೇಕ ಸಲ ‘ಗುಂಟಾ ಪ್ಲಾಟು’ ಆಗಿರುತ್ತದೆ, ಎಂದರೆ ಎನ್‌ಎ (ಕೃಷಿಯೇತರ ಭೂಮಿಯೆಂದು ಪರಿವರ್ತನೆ) ಆಗದ, ನಗರಾಭಿವೃದ್ಧಿ ಪ್ರಾಧಿಕಾರದ ವಿನ್ಯಾಸ ಒಪ್ಪಿಗೆ ಇಲ್ಲದ ಹೊಲವನ್ನು ತುಂಡು ಮಾಡಿ ಮಾರಿದ್ದು. ಅದಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ, ಮನೆ ಕಟ್ಟಲು ಪರವಾನಗಿ ಸಿಗುವುದೂ ಕಷ್ಟ. ಮಣ್ಣನ್ನೂ ನೋಡಬೇಕು. ಹುಬ್ಬಳ್ಳಿಯ ಸುತ್ತ ಮತ್ತು ಅದರ ಪೂರ್ವಕ್ಕೆ ಎರೆಮಣ್ಣು, ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ನೆಲ. ಧಾರವಾಡದ ಪಶ್ಚಿಮಕ್ಕೆ, ಮಲೆನಾಡಿನ ಸೆರಗಿನ ಕಡೆಗೆ ಹೋದಂತೆ ಕೆಂಪು ಮಣ್ಣು ಬರುತ್ತದೆ. ಎರೆಮಣ್ಣಿನಲ್ಲಿ ತಳಪಾಯಕ್ಕೆ ಕೊಡುವ ಹೆಚ್ಚಿನ ಹಣ ಅಗ್ಗದ ಪ್ಲಾಟಿನ ಅಗ್ಗವನ್ನು ನುಂಗಿಹಾಕುತ್ತದೆ. ಬಾಡಿಗೆ ಮನೆಯನ್ನು ನೋಡುವಾಗಲೂ ಬಾಗಿಲು ಕಿಟಕಿಗಳ ಮೂಲೆಯಿಂದ ಓರೆಯಾಗಿ ಮೇಲೇರಿದ ಬಿರುಕುಗಳಿವೆಯೇ, ಅವನ್ನು ಈಚೆಗೆ ಸಿಮೆಂಟು ಮೆತ್ತಿ ಬಣ್ಣ ಹೊಡೆದು ಮುಚ್ಚಿದ್ದಾರೆಯೇ ಎಂದು ಬೆರಳಾಡಿಸಿ ನೋಡಿ.

ನೀರಿನ ವಿಷಯವನ್ನು ನಿಮ್ಮ ಪತ್ರ ಎತ್ತಿಯೇ ಇಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಟ್ಯಾಂಕರಿಗೆ ಕಾದವರು ಆ ಕಷ್ಟ ಅಲ್ಲಿಗೇ ಮುಗಿಯಿತು ಎಂದುಕೊಳ್ಳುತ್ತಾರೆ. ಹುಬ್ಬಳ್ಳಿ-ಧಾರವಾಡ ಅವಳಿ ನಗರಕ್ಕೆ ಮುಖ್ಯವಾಗಿ ನೀರು ಬರುವುದು ಸವದತ್ತಿಯ ಬಳಿ ಮಲಪ್ರಭೆಗೆ ಕಟ್ಟಿದ ಜಲಾಶಯದಿಂದ. ವಿಶ್ವಬ್ಯಾಂಕಿನ ನೆರವಿನ ಯೋಜನೆಯಲ್ಲಿ 2008ರ ಸುಮಾರಿಗೆ ಕೆಲವು ವಾರ್ಡುಗಳಿಗೆ ದಿನದ 24 ಗಂಟೆ ನೀರು ಬಂತು, ರಾಜ್ಯದಲ್ಲಿ ಅಂಥ ಮೊದಲ ಪ್ರಯೋಗಗಳಲ್ಲಿ ಅದೊಂದು. ಆದರೆ ಆ ಭಾಗ್ಯ ಎಲ್ಲ ಬಡಾವಣೆಗಳಿಗೂ ಬಂದಿಲ್ಲ, ಹಲವು ಕಡೆ ಇಂದಿಗೂ ನಲ್ಲಿಯಲ್ಲಿ ನೀರು ಬರುವುದು ಹಲವು ದಿನಗಳಿಗೊಮ್ಮೆ. ಆದ್ದರಿಂದ ಅಲ್ಲಿ ಮನೆ ನೋಡಲು ಹೋದವರು ಮೊದಲು ಕೇಳುವ ಪ್ರಶ್ನೆ ‘ನೀರು ಎಷ್ಟ್ ದಿನಕ್ಕೊಮ್ಮೆ ಬಿಡ್ತಾರ್ರೀ?’ ಎಂಬುದು. ಅದನ್ನು ಮನೆಯ ಮಾಲೀಕರನ್ನಲ್ಲ, ಎದುರು ಮನೆಯವರನ್ನು ಕೇಳಿ. ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಅಳತೆಯಲ್ಲಿ ನಿಮ್ಮ ನಾಲ್ವರಿಗೆ 540 ಲೀಟರ್. ಎಂಟು ದಿನಕ್ಕೊಮ್ಮೆ ನೀರು ಬರುವ ಬೀದಿಯಾದರೆ 4,320 ಲೀಟರ್ ಹಿಡಿಯುವ ಸಂಪು ಬೇಕು. 2,000 ಲೀಟರಿನ ಸಂಪಿದ್ದು ಬಾಡಿಗೆ 15,000 ಎಂದರೆ ಅದು ನಿಜವಾಗಿ 15,000ದ ಮನೆಯಲ್ಲ. ಸಂಪಿನ ಮುಚ್ಚಳ ತೆಗೆಸಿ, ಉದ್ದ ಅಗಲ ಆಳ ಅಳೆದುಕೊಂಡು ಬನ್ನಿ. ಇದಕ್ಕೆ ಸಂಕೋಚಪಟ್ಟವರು ಮೊದಲ ಮಾರ್ಚಿನಲ್ಲಿ ಪಶ್ಚಾತ್ತಾಪ ಪಡುತ್ತಾರೆ.

ತಾಯಿಯವರ ಹೃದಯದ ವಿಷಯದಲ್ಲಿ ನಿಮ್ಮ ಆತಂಕ ಅಗತ್ಯಕ್ಕಿಂತ ಹೆಚ್ಚಾಗಿದೆ ಎಂದು ನನಗನಿಸುತ್ತದೆ. ಜಯದೇವ ಹೃದ್ರೋಗ ಸಂಸ್ಥೆ ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿ ಮೊದಲು ನೆಲೆಯೂರಿದೆ ಎಂಬುದು ನಿಜ. ಆದರೆ ಹುಬ್ಬಳ್ಳಿ ಮತ್ತು ಧಾರವಾಡದ ನಡುವೆ ಸತ್ತೂರಿನಲ್ಲಿರುವ ಎಸ್‌ಡಿಎಂ ವೈದ್ಯಕೀಯ ಕಾಲೇಜಿನ ಆವರಣದಲ್ಲಿ ಹೃದಯ ಚಿಕಿತ್ಸೆಗೆಂದೇ ವಿಭಾಗವಿದೆ, ಹುಬ್ಬಳ್ಳಿಯಲ್ಲಿ ಜನ ಈಗಲೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆ ಇದೆ, ಇನ್ನೂ ದೊಡ್ಡದು ಬೇಕೆಂದರೆ ಬೆಳಗಾವಿ ಧಾರವಾಡದಿಂದ 80 ಕಿಲೋಮೀಟರಿನೊಳಗೆ. ಸ್ಟೆಂಟ್ ಹಾಕಿಸಿಕೊಂಡವರಿಗೆ ಆಸ್ಪತ್ರೆಯ ಹೆಸರಿಗಿಂತ, ರಾತ್ರಿ ಎರಡು ಗಂಟೆಗೆ ಎದೆನೋವು ಬಂದರೆ ಆಂಜಿಯೋಪ್ಲಾಸ್ಟಿ ಮಾಡಬಲ್ಲ ಕಡೆಗೆ ಎಷ್ಟು ನಿಮಿಷದಲ್ಲಿ ತಲುಪುತ್ತೇವೆ ಎಂಬುದು ಮುಖ್ಯ. ಅದನ್ನು ಒಂದು ರಾತ್ರಿ ನೀವೇ ಕಾರು ಓಡಿಸಿ ಅಳೆದು ನೋಡಬಹುದು. ಈಗ ನೋಡುತ್ತಿರುವ ವೈದ್ಯರಿಂದ ಆಂಜಿಯೋಗ್ರಾಮಿನ ಸಿಡಿ ಮತ್ತು ಡಿಸ್ಚಾರ್ಜ್ ಸಾರಾಂಶವನ್ನು ಕೇಳಿ ಇಟ್ಟುಕೊಳ್ಳಿ. ಹೊರಡುವ ಗಡಿಬಿಡಿಯಲ್ಲಿ ಕಳೆದುಹೋಗುವುದು ಯಾವಾಗಲೂ ಇಂಥವೇ.

ಆಸ್ಪತ್ರೆಗೆ ಸಂಬಂಧಿಸಿದ ಇನ್ನೊಂದು ಮಾತು, ತುಸು ತಮಾಷೆಯದಾದರೂ ಸುಳ್ಳಲ್ಲ. ಸುತ್ತಲಿನ ಜಿಲ್ಲೆಗಳವರು ದೊಡ್ಡ ಕಾಯಿಲೆಗೆ ಬರುವುದು ಹುಬ್ಬಳ್ಳಿಗೆ. ಲಕ್ಷ್ಮೇಶ್ವರದ ಕಡೆಯ ನಿಮ್ಮ ಬಂಧುಬಳಗಕ್ಕೆ ನೀವು ಧಾರವಾಡದಲ್ಲಿ ಮನೆ ಮಾಡಿದ ಸುದ್ದಿ ತಲುಪಿದ ಮೇಲೆ, ರೋಗಿಯನ್ನು ಭರ್ತಿ ಮಾಡಿ ನಿಮ್ಮಲ್ಲಿ ಮಲಗಲು ಬರುವವರು, ಕಾಲೇಜಿಗೆ ಅರ್ಜಿ ಹಾಕಲು ಬರುವ ಹುಡುಗರು, ಹೈಕೋರ್ಟಿನ ಧಾರವಾಡ ಪೀಠದಲ್ಲಿ ತಾರೀಖು ಇರುವ ದೊಡ್ಡಪ್ಪಂದಿರು ಎಲ್ಲರೂ ಬರುತ್ತಾರೆ. ನಿಮ್ಮ ತಾಯಿಗೆ ಇದೇ ಔಷಧ. ಚಹಾಕ್ಕೆ ನೀರಿಡುವವರಿಗೂ ಅದು ಔಷಧವೇ ಎಂಬುದನ್ನು ಅವರನ್ನೇ ಕೇಳಬೇಕು. ಬೆಂಗಳೂರಿನಲ್ಲಿದ್ದಾಗ ‘ದೂರ ಆಗತೈತಿ’ ಎಂದು ತಪ್ಪಿಸಿಕೊಳ್ಳುತ್ತಿದ್ದ ಮದುವೆ, ತೊಟ್ಟಿಲು, ಮನೆಶಾಂತಿಗಳಿಗೆ ಅಲ್ಲಿ ನೆಪವೂ ಉಳಿಯುವುದಿಲ್ಲ, ಆ ಖರ್ಚು ನಿಮ್ಮ ಲೆಕ್ಕದಲ್ಲಿಲ್ಲ.

ಮೈಸೂರಿನ ಬಗ್ಗೆ ಗೆಳೆಯರು ಹೇಳಿದ್ದು ಅರ್ಧ ಸರಿ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಹೆದ್ದಾರಿಯಿಂದಾಗಿ ಅಲ್ಲಿಂದ ಬೆಂಗಳೂರಿಗೆ ಬೆಳಿಗ್ಗೆ ಹೋಗಿ ಸಂಜೆ ಮರಳಬಹುದು. ಕಚೇರಿಯವರು ನಾಳೆ ವಾರಕ್ಕೆ ಎರಡು ದಿನ ಬನ್ನಿ ಎಂದರೂ ಸಂಸಾರ ಅಲುಗಾಡುವುದಿಲ್ಲ. ಧಾರವಾಡದಿಂದ ಆ ಅನುಕೂಲವಿಲ್ಲ. 2023ರ ಜೂನ್‌ನಲ್ಲಿ ಶುರುವಾದ ವಂದೇ ಭಾರತ್ ರೈಲು ಧಾರವಾಡದಿಂದ ಹೊರಡುವುದು ಮಧ್ಯಾಹ್ನ, ಬೆಂಗಳೂರು ಮುಟ್ಟುವುದು ರಾತ್ರಿ, ಕಚೇರಿಗೆ ಹೋಗಬೇಕೆಂದರೆ ಒಂದು ರಾತ್ರಿ ತಂಗಲೇಬೇಕು. ರಾಣಿ ಚೆನ್ನಮ್ಮದಂಥ ರಾತ್ರಿ ರೈಲು ಹಿಡಿದು ಬೆಳಿಗ್ಗೆ ಇಳಿದು, ನಿಲ್ದಾಣದಲ್ಲಿಯೇ ಮುಖ ತೊಳೆದು ಸಭೆಗೆ ಹೋಗಿ, ಅದೇ ರಾತ್ರಿ ಮತ್ತೆ ರೈಲು ಹತ್ತುವುದು ನಲವತ್ತೊಂದರಲ್ಲಿ ತಿಂಗಳಿಗೆ ಎರಡು ಸಲ ಆಗಬಹುದು, ವಾರಕ್ಕೆ ಎರಡು ಸಲ ಆಗದು. ಆದರೂ ನಿಮಗೆ ನಾನು ಮೈಸೂರನ್ನು ಸೂಚಿಸುವುದಿಲ್ಲ. ನಿಮ್ಮ ತಾಯಿಗೆ ಮೈಸೂರು ಇನ್ನೊಂದು ಬೆಂಗಳೂರೇ, ಅಲ್ಲಿ ಅವರ ಮಾತನ್ನಾಡುವ ಓಣಿಯಿಲ್ಲ. ಕಚೇರಿಯಿಂದ ಪತ್ರ ಸಿಗದೇ ಹೋದರೆ, ಆದರೂ ಬೆಂಗಳೂರು ಬಿಡಲೇಬೇಕೆಂದಿದ್ದರೆ ಮಾತ್ರ ಮೈಸೂರಿನ ಯೋಚನೆ ಮಾಡಿ.

ಧಾರವಾಡದಲ್ಲಿ ಎಲ್ಲಿ ಎಂದು ಕೇಳಿದರೆ, ಚಿಗರಿ ಬಸ್ಸಿನ ಮಾರ್ಗದಿಂದ ನಡೆದು ಹೋಗುವಷ್ಟು ಹತ್ತಿರ ಎನ್ನುತ್ತೇನೆ. ಹುಬ್ಬಳ್ಳಿ-ಧಾರವಾಡಗಳ ನಡುವೆ ಸುಮಾರು 22 ಕಿಲೋಮೀಟರ್ ಪ್ರತ್ಯೇಕ ಪಥದಲ್ಲಿ ಓಡುವ ಈ ಬಸ್ಸುಗಳಿಂದಾಗಿ ನಿಮ್ಮ ಪತ್ನಿಯವರು ಹುಬ್ಬಳ್ಳಿಯ ಶಾಲೆಗಳಲ್ಲಿಯೂ ಕೆಲಸ ನೋಡಬಹುದು, 20,000ಕ್ಕಿಂತ ಹೆಚ್ಚು ಕೊಡುವವರು ಸಿಕ್ಕರೆ ಮೇಲಿನ ಲೆಕ್ಕವೆಲ್ಲ ಸುಧಾರಿಸುತ್ತದೆ. ಸಪ್ತಾಪುರದ ಸುತ್ತಮುತ್ತ ಸ್ಪರ್ಧಾತ್ಮಕ ಪರೀಕ್ಷೆಗಳ ಕೋಚಿಂಗಿಗೆ ಬಂದ ಹುಡುಗ ಹುಡುಗಿಯರ ಪಿಜಿಗಳೇ ತುಂಬಿವೆ. ಗದ್ದಲ, ಪಾರ್ಕಿಂಗು, ಬಾಡಿಗೆ ಮೂರೂ ಹೆಚ್ಚು, ಸಂಸಾರಸ್ಥರು ತುಸು ಆಚೆ ಸರಿದರೆ ಒಳ್ಳೆಯದು.

ಕೊನೆಗೆ ಸಮಯ, ಅದನ್ನು ನಿರ್ಧರಿಸುವವಳು ನಿಮ್ಮ ಮಗಳು. ಸಿಬಿಎಸ್‌ಇಯಲ್ಲಿ ಮಕ್ಕಳ ಹೆಸರು ಮಂಡಳಿಯಲ್ಲಿ ನೋಂದಣಿಯಾಗುವುದು ಒಂಬತ್ತನೆಯ ತರಗತಿಯಲ್ಲಿ. ನೇರವಾಗಿ ಹತ್ತನೆಯ ತರಗತಿಗೆ ಹೊಸ ಶಾಲೆಯಲ್ಲಿ ಪ್ರವೇಶ ಸಿಗುವುದು ಪೋಷಕರ ವರ್ಗಾವಣೆಯಂಥ ಕಾರಣಗಳಿದ್ದು ಮಂಡಳಿ ಒಪ್ಪಿದಾಗ ಮಾತ್ರ. ಹೀಗಾಗಿ ಬರುವ ಏಪ್ರಿಲ್‌ನಲ್ಲಿ ಒಂಬತ್ತನೆಯದನ್ನು ಧಾರವಾಡದಲ್ಲಿಯೇ ಶುರು ಮಾಡಬೇಕು, ಇಲ್ಲವಾದರೆ ಹತ್ತು ಮುಗಿಯುವವರೆಗೆ ಅಲುಗಾಡಬಾರದು. ಕಚೇರಿಯ ಪತ್ರ ಜನವರಿಯೊಳಗೆ ಕೈಯಲ್ಲಿರಲಿ. ರಜೆ ಹಾಕದೆ, ನೆಂಟರ ಮನೆಯಲ್ಲಿ ಉಳಿಯದೆ, ಧಾರವಾಡದಲ್ಲಿ ಕೋಣೆ ಬಾಡಿಗೆಗೆ ಹಿಡಿದು ನಾಲ್ವರೂ ಒಂದು ವಾರ ಇದ್ದು ನೋಡಿ, ನೀವು ಅಲ್ಲಿಂದಲೇ ಕಚೇರಿಯ ಕೆಲಸ ಮಾಡಿ, ಪತ್ನಿಯವರು ಎರಡು ಮೂರು ಶಾಲೆಗಳಿಗೆ ಹೋಗಿ ಡೆಮೊ ಪಾಠ ಮಾಡಿಬರಲಿ. ಮಾರ್ಚ್ 15ರ ಹೊತ್ತಿಗೆ ಅವರ ಕೈಯಲ್ಲಿ ಆದೇಶಪತ್ರವಿದ್ದು, ‘ಹೋಗೋಣ’ ಎಂದು ಅವರೇ ಹೇಳಿದರೆ ಲಾರಿಯವರಿಗೆ ಫೋನು ಮಾಡಿ. ಹಾಗೆ ಹೇಳದಿದ್ದರೆ ಈಗಿನ ಮನೆಯ ಕರಾರನ್ನು ನವೀಕರಿಸಿಕೊಳ್ಳಿ, ಇಲ್ಲವೇ ಸಾಧ್ಯವಾದರೆ ಲಿಫ್ಟಿನ ಹಂಗಿಲ್ಲದ ನೆಲಮಹಡಿಯ ಮನೆಯೊಂದನ್ನು ಅದೇ ಬಡಾವಣೆಯಲ್ಲಿ ತಾಯಿಗಾಗಿ ಹುಡುಕಿ. ಎರಡು ವರ್ಷದ ನಂತರವೂ ಧಾರವಾಡ ಅಲ್ಲಿಯೇ ಇರುತ್ತದೆ.